ತೂಕಕ್ಕೆ ಬಾರದ ಗ್ಯಾಸ್

ಹಳೆಯ ಫ್ರಿಜ್‌ಗಳನ್ನು ಮನೆಮನೆಯಿಂದ ವಾಪಸು ಪಡೆದು ಕಳಚುವ ಯೋಜನೆಯ ಕರಡು ಪ್ರತಿಗೆ ಅಭಿಪ್ರಾಯ ಬರೆದುಕೊಡಬೇಕಾಗಿದ್ದರಿಂದ ಈ ವಾರ ರಾಯಚೂರಿನ ಗುಜರಿ ಅಂಗಡಿಯೊಂದಕ್ಕೆ ಹೋಗಿದ್ದೆ. ಮಾಲೀಕರು ಫ್ರಿಜ್ಜೊಂದನ್ನು ಬೋರಲು ಮಲಗಿಸಿ, ಕಂಪ್ರೆಸರ್‌ಗೆ ಸೇರುವ ತಾಮ್ರದ ಕೊಳವೆಯನ್ನು ಇಕ್ಕಳದಿಂದ ಕತ್ತರಿಸಿದರು. ಉಸ್ಸೆಂದು ಗ್ಯಾಸ್ ಹೊರಬಿತ್ತು, ಹಿಂದೆಯೇ ಒಂದಿಷ್ಟು ಎಣ್ಣೆ ನೆಲಕ್ಕೆ ಸೋರಿತು.

"ಗ್ಯಾಸ್ ಹಂಗ ಬಿಟ್ರ ಹೆಂಗ್ರೀ?" ಎಂದೆ.

"ತಾಮ್ರ ತೂಕಕ್ಕ ಬರ್ತದರೀ ಸರ್, ಗ್ಯಾಸ್ ತೂಕಕ್ಕ ಬರಂಗಿಲ್ಲ."

ಆ ಮಾತು ಇನ್ನೂ ಕಿವಿಯಲ್ಲಿದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ತಂತಿಯನ್ನೂ ವ್ಯರ್ಥ ಮಾಡದ ಕೈ ಅದು. ಕರಡು ಬರೆದವರಿಗಿಂತ ಫ್ರಿಜ್ಜಿನ ಒಳಗನ್ನು ಅವರೇ ಚೆನ್ನಾಗಿ ಬಲ್ಲರು. ಆದರೆ ಅವರ ತಕ್ಕಡಿಗೆ ಸಿಗದ, ಫ್ರಿಜ್ಜನ್ನು ತಂಪಾಗಿಡುವ ಆರ್-134ಎ ಎಂಬ ಅನಿಲವು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 1,300 ಪಟ್ಟಿಗೂ ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ. ನೂರು ಗ್ರಾಂ ಹೊರಬಿದ್ದರೂ 130 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇನ್ನೂ ಹಳೆಯ ಫ್ರಿಜ್‌ಗಳಲ್ಲಿರುವ ಆರ್-12 ಎಂಬ ಅನಿಲ ಓಝೋನ್ ಪದರವನ್ನೂ ಹಾಳುಮಾಡುತ್ತದೆ.

ಅಂಗಡಿಯ ಮೂಲೆಯಲ್ಲಿ ಬೇರೆ ಎರಡು ಫ್ರಿಜ್‌ಗಳಿದ್ದವು, ಹೊಸದಾಗಿ ಬಣ್ಣ ಬಳಿದವು. "ಓಡೋ ಫ್ರಿಜ್ ಒಡಿಯಂಗಿಲ್ಲರೀ, ಬಾಡಿಗಿ ರೂಮಿನವ್ರು ಒಯ್ತಾರ" ಎಂದರು. ಕರಡಿನ ದೊಡ್ಡ ಕೊರತೆ ನನಗೆ ತಿಳಿದದ್ದು ಅಲ್ಲಿಯೇ. ಎಕ್ಸ್‌ಚೇಂಜ್‌ನಲ್ಲಿ ಹೊಸ ಫ್ರಿಜ್ ಮಾರಾಟವಾದರೆ ಸಾಕು, ಅಷ್ಟು ಯೂನಿಟ್ ಕರೆಂಟು ಉಳಿಯಿತೆಂದು ಅದರಲ್ಲಿ ಲೆಕ್ಕ ಹಾಕಿದ್ದಾರೆ. ಹಳೆಯದು ಇನ್ನೊಂದು ಮನೆಯಲ್ಲಿ ಓಡುತ್ತಿರುವಾಗ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಒಂದು ಬುಟ್ಟಿ ಕಲ್ಲಿದ್ದಲೂ ಉಳಿಯುವುದಿಲ್ಲ. ಆದ್ದರಿಂದ ಕೆಟ್ಟು ನಿಂತದ್ದಕ್ಕಿಂತ ಓಡುತ್ತಿರುವ ಹಳೆಯ ಫ್ರಿಜ್ಜಿಗೇ ಹೆಚ್ಚು ಹಣ ಕೊಟ್ಟು, ಅದು ಮತ್ತೆ ಮಾರಾಟವಾಗದಂತೆ ಕಳಚಿಸಬೇಕು.

ಆ ಹಣ ಎಲ್ಲಿಂದ ಬರಬೇಕೆಂಬುದೂ ಸ್ಪಷ್ಟವಿದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, 200 ಯೂನಿಟ್‌ಗಳ ಮಿತಿಗೊಳಪಟ್ಟು ತನಗೆ ನಿಗದಿಯಾದಷ್ಟೇ ಯೂನಿಟ್ ಬಳಸುವ ಮನೆಗೆ ಬಿಲ್ಲು ಶೂನ್ಯ. ಅಂಥ ಮನೆಯವರಿಗೆ "ಕರೆಂಟು ಉಳಿಯುತ್ತದೆ" ಎಂದರೆ ಕೈಗೆ ಏನೂ ಸಿಕ್ಕಂತಾಗುವುದಿಲ್ಲ. ಉಳಿತಾಯವೆಲ್ಲ ಸಬ್ಸಿಡಿ ಭರಿಸುವ ಸರ್ಕಾರದ್ದು. ಉಳಿತಾಯ ಯಾರದೋ ಖರ್ಚೂ ಅವರದ್ದೇ ಆಗಬೇಕು, ಹಣವೂ ಫ್ರಿಜ್ ಹೊರಡುವ ದಿನವೇ ಮನೆಯವರ ಕೈ ಸೇರಬೇಕು.

2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಮಾಲು ಸೇರಲಿ ಎಂದು ಕರಡು ಹೇಳಿ ಮುಗಿಸುತ್ತದೆ, ಗುಜರಿಯವರ ಹೆಸರನ್ನೇ ಎತ್ತುವುದಿಲ್ಲ. ಅವರನ್ನು ಬಿಟ್ಟು ಈ ಕೆಲಸ ಆಗದೆಂಬುದು ನನ್ನ ದೃಢವಾದ ನಂಬಿಕೆ. ಸಂಗ್ರಹದ ಕೆಲಸವನ್ನು ಅವರಿಗೇ ವಹಿಸಿ, ಕೊಳವೆ ಕತ್ತರಿಸದೆ ಇಡಿಯಾಗಿ ತಂದ ಪ್ರತಿ ಫ್ರಿಜ್ಜಿಗೆ ತಾಮ್ರದ ಬೆಲೆಯ ಮೇಲೆ ಇಷ್ಟು ಎಂದು ಕೊಡಬೇಕು. ಗ್ಯಾಸನ್ನು ಸಿಲಿಂಡರಿಗೆ ಇಳಿಸುವ ಕೆಲಸ ಮರುಬಳಕೆ ಘಟಕದಲ್ಲಿ ನಡೆಯಲಿ. ಇಷ್ಟನ್ನೂ ಬರೆದುಕೊಟ್ಟಿದ್ದೇನೆ. ಕೊನೆಗೆ ಇನ್ನೊಂದು ಮಾತು ಸೇರಿಸಿದೆ: ನಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಯಾವ ತಾಯಿಯೂ ಒಂದು ದಿನದ ಮಟ್ಟಿಗೂ ಫ್ರಿಜ್ ಬಿಟ್ಟುಕೊಡಲಾರಳು, ಆದುದರಿಂದ ಹೊಸದನ್ನು ತರುವ ಗಾಡಿಯಲ್ಲಿಯೇ ಹಳೆಯದನ್ನು ಒಯ್ಯುವ ವ್ಯವಸ್ಥೆ ಬೇಸಿಗೆಗೆ ಮುಂಚೆ ಆಗಬೇಕು.