ಪಂಜುರ್ಲಿಯ ಮೊಗ

ಜನವರಿಯ ಒಂದು ಶನಿವಾರ. ನಮ್ಮ ತಿರುಗಾಟ ಶುರುವಾಗಿದ್ದು ಮಲ್ಪೆ ದಕ್ಕೆಯಿಂದ. ಬೋಟುಗಳು ಮೀನು ಇಳಿಸುವ ಹೊತ್ತು. ಮೇಲೆ ಗರುಡಗಳು ಸುತ್ತುತ್ತಿದ್ದವು. ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ಒಂದು ಸರ್ರನೆ ಇಳಿದು ಬುಟ್ಟಿಯಿಂದ ಬೂತಾಯಿ ಮೀನು ಎತ್ತಿಕೊಂಡೇ ಹೋಯಿತು. ತಾಯಿ ವಿನತೆಯನ್ನು ದಾಸ್ಯದಿಂದ ಬಿಡಿಸಲು ದೇವಲೋಕದಿಂದ ಅಮೃತ ತಂದವನು ಗರುಡ. ಆ ಕಥೆ ಕಟ್ಟಿದವರು ಈ ಹಾರಾಟವನ್ನು ಎಷ್ಟು ಹೊತ್ತು ನೋಡಿರಬೇಕು, ಅಲ್ವಾ?

ಅಲ್ಲಿಂದ ಬಾರ್ಕೂರು ದಾಟಿ ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನಕ್ಕೆ ಹೋದೆವು. ಕೆಂಪು ಬಳಿದ ಮರದ ಮೂರ್ತಿಗಳು, ದೊಡ್ಡ ದೊಡ್ಡ ಕಣ್ಣು. ಇಲ್ಲಿನ ಕೆಲವು ಹಳೆಯ ಮೂರ್ತಿಗಳು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿವೆ.

ಆದರೆ ನನ್ನ ಮನಸ್ಸು ಹಿಡಿದಿದ್ದು ಸಂಜೆ ದೊಡ್ಡಪ್ಪನ ಮನೆಯಲ್ಲಿ. ಮರುದಿನ ಕೋಲ, ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ. ಚಾವಡಿಯಲ್ಲಿ ಕೂತು ಅವರು ಪಂಜುರ್ಲಿ ದೈವದ ಹಿತ್ತಾಳೆ ಮೊಗಕ್ಕೆ, ಅಂದರೆ ಮುಖವಾಡಕ್ಕೆ, ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದರು. ಮುಂದೆ ಚಾಚಿದ ಮೂತಿ, ನಿಮಿರಿದ ಕಿವಿ, ಬಾಯಿಂದ ಹೊರಬಂದ ಕೋರೆ. ಮೂತಿಯ ಸಂದಿಯಲ್ಲಿ ಹಸಿರು ಕಿಲುಬು. ದೊಡ್ಡಪ್ಪ ಅದನ್ನು ತೆಂಗಿನ ನಾರಿನಿಂದ ಮೆಲ್ಲ ಬಿಡಿಸುತ್ತಿದ್ದರು, ಮಗುವಿನ ಮುಖ ಒರೆಸಿದ ಹಾಗೆ.

ತುಳುವಿನಲ್ಲಿ ಪಂಜಿ ಅಂದರೆ ಹಂದಿ. ಪಾರ್ವತಿ ಮುದ್ದಿನಿಂದ ಸಾಕಿದ ಹಂದಿಮರಿ ಈಶ್ವರನ ತೋಟವನ್ನೇ ಹಾಳು ಮಾಡಿತು, ಈಶ್ವರ ಸಿಟ್ಟಾದ, ಕೊನೆಗೆ ಜನರನ್ನು ಕಾಯಲು ಅದನ್ನು ಭೂಮಿಗೆ ಕಳಿಸಿದ ಎನ್ನುತ್ತದೆ ತುಳುವಿನ ಹಾಡುಗತೆಯಾದ ಪಾಡ್ದನದ ಒಂದು ಕಥೆ. ಬೆಳೆ ತಿಂದವನಿಗೇ ಬೆಳೆ ಕಾಯುವ ಕೆಲಸ! ಪುರಾಣದ ವರಾಹನೂ ಹಿರಣ್ಯಾಕ್ಷ ಮುಳುಗಿಸಿದ ಭೂಮಿಯನ್ನು ಕೋರೆಯಲ್ಲೇ ಎತ್ತಿದವನು. ಹಂದಿಯ ಮೂತಿ ಯಾವಾಗಲೂ ಮಣ್ಣಿನಲ್ಲೇ ಇರುತ್ತದಲ್ಲ. ಮಣ್ಣಿನ ಹೊಣೆಯನ್ನು ಬೇರೆ ಯಾವ ಪ್ರಾಣಿಗೆ ಕೊಡುವುದು? ನನಗಂತೂ ಈ ಎರಡು ಕಥೆಗಳೂ ಗದ್ದೆಯ ಬದುವಿನಲ್ಲೇ ಹುಟ್ಟಿದವು ಅನಿಸುತ್ತದೆ.

"ಮೊನ್ನೆ ಹಂದಿ ಬಂದ್ ಸುಗ್ಗಿ ಗದ್ದಿ ಪೂರಾ ಹಾಳ್ ಮಾಡಿತ್, ಮಗಾ" ಎಂದರು ದೊಡ್ಡಪ್ಪ. ಗದ್ದೆಯ ಮೂಲೆಯಲ್ಲಿ ನಾನೂ ನೋಡಿದ್ದೆ. ಮಲಗಿದ ಪೈರು, ಕೆದಕಿದ ಕೆಸರು, ಜೋಡಿ ಗೊರಸಿನ ಗುರುತು.

ರಾತ್ರಿ ಊಟ ಮುಗಿಸಿ ಅವರು ಟಾರ್ಚು, ಬಡಿಯಲು ಒಂದು ಖಾಲಿ ತಗಡಿನ ಡಬ್ಬ ತೆಗೆದುಕೊಂಡರು. ದೈವದ ಕೋಣೆಯ ಮುಂದೆ ನಿಂತು ಹೊಳೆಯುವ ಮೊಗಕ್ಕೆ ಕೈಮುಗಿದರು. ಆಮೇಲೆ ಹಂದಿ ಓಡಿಸಲು ಗದ್ದೆಗೆ ಇಳಿದರು.