ಟ್ರಯಲ್ ರೈಲು ನೋಡಲು ಶ್ರೀರಂಗಪಟ್ಟಣಕ್ಕೆ ಹೋಗುವವರು ರೂಮು ಮಾಡಬೇಡಿ

ಮೈಸೂರಿನಿಂದ ಶ್ರೀರಂಗಪಟ್ಟಣ ಹದಿನೈದು ಕಿಲೋಮೀಟರ್ ಕೂಡ ಇಲ್ಲ. ಆ ಊರಿನಲ್ಲಿ ಒಂದು ರಾತ್ರಿ ಮಲಗಲು ನಾವು 3,200 ರೂಪಾಯಿ ಕೊಟ್ಟೆವು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಹೊಸ ರೈಲು ಟ್ರಯಲ್‌ಗೆ ಬರುತ್ತದೆ ಎಂದು ಗೊತ್ತಾದ ಕೂಡಲೇ ಹೊರಡುವವರು ನಮ್ಮ ಮೈಸೂರು, ಮಂಡ್ಯ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರ ದುಡ್ಡಾದರೂ ಉಳಿಯಲಿ.

ನಾವು ಹೋದದ್ದು 2022ರ ನವೆಂಬರ್ 7, ಸೋಮವಾರದ ಟ್ರಯಲ್‌ಗೆ. ದಕ್ಷಿಣ ಭಾರತದ ಮೊದಲ ವಂದೇ ಭಾರತ್ ಅವತ್ತು ಚೆನ್ನೈನಿಂದ ಮೈಸೂರಿನವರೆಗೆ ಪರೀಕ್ಷಾರ್ಥವಾಗಿ ಓಡಿತು. ನಾಲ್ಕು ದಿನ ಬಿಟ್ಟು, 11ಕ್ಕೆ, ಪ್ರಧಾನಿ ಬೆಂಗಳೂರಿನಲ್ಲಿ ಹಸಿರು ನಿಶಾನೆ ತೋರಿಸಿದರು. ಅಕ್ಕನ ಮಗ ಆಗ ಏಳನೇ ಕ್ಲಾಸು. ಶಾಲೆಗೆ ಒಂದು ದಿನ ರಜೆ ಹಾಕಿಸಿ ಭಾವ ಅವನನ್ನು ತಿಪಟೂರಿನಿಂದ ಕರೆದುಕೊಂಡು ಬಂದಿದ್ದರು. ಬೆಳಗಿನ ಮಂಜಿನಲ್ಲಿ ಕಾವೇರಿ ಮೇಲೆ ರೈಲು ಹೋಗುವುದನ್ನು ನೋಡಬೇಕು ಅನ್ನುವುದು ಅವನ ಆಸೆ. ಅದಕ್ಕೇ ಹಿಂದಿನ ರಾತ್ರಿ ಅಲ್ಲೇ ಉಳಿಯೋಣ ಅಂದುಕೊಂಡೆವು.

ಫೋನಿನಲ್ಲಿ ಲಾಡ್ಜಿನವರು ಹೇಳಿದ್ದು, "ಸಾರ್, ಕಿಟಕಿ ತೆಗೆದ್ರೆ ಎದುರಿಗೇ ರೈಲ್ವೆ ಬ್ರಿಡ್ಜು." ಬೆಳಗ್ಗೆ ಕಿಟಕಿ ತೆಗೆದಾಗ ಎದುರಿಗೆ ಕಂಡದ್ದು ಪಕ್ಕದ ಮನೆಯ ತಾರಸಿ, ಅದರ ಮೇಲೊಂದು ಕಪ್ಪು ಸಿಂಟೆಕ್ಸ್ ಟ್ಯಾಂಕು. ರೈಲಿನ ಸದ್ದು ಕೇಳುತ್ತಿತ್ತು, ರೈಲು ಕಾಣುತ್ತಿರಲಿಲ್ಲ. ಹುಡುಗ ಕಿಟಕಿಯ ಸರಳಿಗೆ ಮುಖ ಒತ್ತಿ ಎರಡು ಗಾಡಿಗಳ ಸದ್ದು ಕೇಳಿಸಿಕೊಂಡ. ನನಗೆ ತುಂಬಾ ಸಂಕಟವಾಯಿತು. ಒಂದು ಹೆಚ್ಚುವರಿ ಹಾಸಿಗೆಗೆ 400 ಬೇರೆ. ಬಿಸಿನೀರು ಆರರಿಂದ ಏಳರವರೆಗೆ ಅಂದಿದ್ದರು, ಆರೂವರೆಗೇ ತಣ್ಣೀರು ಬಂತು. ಕೇಳಲು ಕೆಳಗಿಳಿದರೆ ಕೌಂಟರಿನಲ್ಲಿ ಯಾರೂ ಇಲ್ಲ. ಖಾಲಿ ಮಾಡುವ ಹೊತ್ತಿಗೆ ಮಾತ್ರ ಇಬ್ಬರಿದ್ದರು, ಒಂಬತ್ತು ದಾಟಿದರೆ ಅರ್ಧ ದಿನದ ಬಾಡಿಗೆ ಎಂದು ಹೇಳುವುದಕ್ಕೆ.

ಮೈಸೂರಿನಲ್ಲೇ ಮಲಗಿ ಬೆಳಗ್ಗೆ ಪ್ಯಾಸೆಂಜರ್ ಗಾಡಿ ಹಿಡಿಯಿರಿ. ಈಗ ಶ್ರೀರಂಗಪಟ್ಟಣಕ್ಕೆ ಹತ್ತು ರೂಪಾಯಿ ಟಿಕೆಟ್. ನಾಗನಹಳ್ಳಿ ಬಿಟ್ಟರೆ ಮುಂದಿನದೇ ಶ್ರೀರಂಗಪಟ್ಟಣ. ಗಾಡಿ ಊರಿಗೆ ಬರುವ ಮುಂಚೆ ನದಿಯ ದಕ್ಷಿಣ ಕವಲನ್ನು ದಾಟುತ್ತದೆ. ಹುಡುಗ ಆಸೆಪಟ್ಟ ಮಂಜು, ನೀರು, ಸೇತುವೆ ಎಲ್ಲವೂ ಬಾಗಿಲ ಹತ್ತಿರದ ಕಿಟಕಿ ಸೀಟಿನಿಂದ ಹತ್ತು ರೂಪಾಯಿಗೆ ಸಿಗುತ್ತದೆ. ಸಂಜೆ ವಾಪಸು ಬರುವಾಗ ಅವನಿಗೆ ಅದೂ ಸಿಕ್ಕಿತು. ಮಂಜೊಂದು ಇರಲಿಲ್ಲ.

ಇನ್ನು ಸಮಯದ ವಿಷಯ. ಟ್ರಯಲ್ ಗಾಡಿಗೆ ನೀವು ನಂಬಬಹುದಾದ ವೇಳಾಪಟ್ಟಿ ಇರುವುದಿಲ್ಲ. ಯಾವ ಸ್ಟೇಷನ್ನು ಎಷ್ಟು ಹೊತ್ತಿಗೆ ದಾಟುತ್ತದೆ, ಎಲ್ಲಿ ವೇಗ ಇಳಿಸಬೇಕು, ಬೇರೆ ಗಾಡಿಗಳನ್ನು ಎಲ್ಲಿ ಪಕ್ಕಕ್ಕೆ ನಿಲ್ಲಿಸಬೇಕು ಎಂದು ನೋಡುವುದಕ್ಕೇ ಅದನ್ನು ಓಡಿಸುತ್ತಾರೆ. ನಮ್ಮ ವಾಟ್ಸಾಪಿನಲ್ಲಿ ಮೂರು ಬೇರೆ ಬೇರೆ ಸಮಯ ಹರಿದಾಡುತ್ತಿದ್ದವು. ಹೆಚ್ಚು ಜನ ಒಪ್ಪಿದ್ದು ಮಧ್ಯಾಹ್ನ ಒಂದೂವರೆ. ಅದನ್ನೇ ನಂಬಿದ್ದರೆ ಗಾಡಿ ಹೋದಮೇಲೆ ಖಾಲಿ ಹಳಿ ನೋಡಿಕೊಂಡು ನಿಲ್ಲುತ್ತಿದ್ದೆವು.

ನಮ್ಮನ್ನು ಕಾಪಾಡಿದ್ದು ಒಂದು ಮುದ್ದೆ ಹೋಟೆಲು. ಸ್ಟೇಷನ್ನಿನಿಂದ ಹೊರಗೆ ಬಂದು ಸ್ವಲ್ಪ ನಡೆದರೆ ಶೀಟು ಹಾಕಿದ ಒಂದು ಕೋಣೆ, ಹೊರಗೆ ಬೇವಿನ ಮರದ ಕೆಳಗೆ ಎರಡು ಬೆಂಚು. ಬೋರ್ಡಿಲ್ಲ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬೆಳಗ್ಗೆ ರೂಮು ಬಿಟ್ಟು ಬೇಸರದಲ್ಲಿ ಅಲ್ಲಿಗೆ ಹೋದಾಗ ಆಯಮ್ಮ ಹುಡುಗನ ಮುಖ ನೋಡಿ, ಏನೂ ಕೇಳದೆ ಅವನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದರು. ಚಟ್ನಿ ಹುಚ್ಚೆಳ್ಳಿನದು, ಕಪ್ಪಗೆ, ಬೆಳ್ಳುಳ್ಳಿ ಘಾಟು ಮೂಗಿಗೆ ಬರುವಂಥದ್ದು. ಮೂರು ಜನರ ತಿಂಡಿಗೆ ತೊಂಬತ್ತು ರೂಪಾಯಿ.

ಹನ್ನೊಂದರ ಹೊತ್ತಿಗೆ ಬಿಸಿಲಿಗೆ ತಾಳಲಾರದೆ ಮತ್ತೆ ಅಲ್ಲಿಗೇ ಹೋದೆವು. ಆಯಮ್ಮ ಮುದ್ದೆ ತಿರುವುತ್ತಿದ್ದರು. ಪಾತ್ರೆ ಅಲ್ಲಾಡದಂತೆ ಕವೆಗೋಲನ್ನು ಕಾಲಿನಿಂದ ಅದುಮಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುಗಿಸುವಾಗ ಬಳೆಗಳೆಲ್ಲ ಮೊಣಕೈ ಕಡೆಗೆ ಸರಿದಿದ್ದವು. ಒಂದೂ ಗಂಟಿಲ್ಲ. ಕಲ್ಲಿನ ಮೇಲೆ ಸುರಿದು, ಕೈ ನೀರಿಗೆ ಅದ್ದಿ ಅದ್ದಿ, ಉಸಿರು ಬಿಡುವಷ್ಟರಲ್ಲಿ ಒಂದೊಂದು ಉಂಡೆ. ಜೊತೆಗೆ ದಂಟಿನಸೊಪ್ಪಿನ ಬಸ್ಸಾರು, ಪಲ್ಯ, ಒಂದು ಹಸಿ ಈರುಳ್ಳಿ. ಅನ್ನ ಕೇಳಿದಷ್ಟು. ಊಟಕ್ಕೆ ಐವತ್ತು. ಮೈಸೂರಿನಲ್ಲಿ ಈ ದುಡ್ಡಿಗೆ ಇಂಥ ಬಸ್ಸಾರು ನಾನು ಉಂಡಿಲ್ಲ. ಬೇಳೆ ಬಸಿದ ಕಟ್ಟಿನ ಸಿಹಿ, ಹುರಿದ ಮೆಣಸಿನಕಾಯಿಯ ಖಾರ ಎರಡೂ ಬೇರೆ ಬೇರೆಯಾಗಿ ನಾಲಿಗೆಗೆ ಗೊತ್ತಾಗುತ್ತಿತ್ತು.

"ಒಂದೂವರೆಗೆ ತಾನೇ ಅಕ್ಕ, ಆಮೇಲೆ ಉಣ್ತೀವಿ" ಎಂದು ಭಾವ ಹೇಳಿದರು.

"ಅಯ್ಯೋ, ಗಂಟೆ ನೋಡ್ಕಂಡ್ ಕೂರ್ಬ್ಯಾಡಿ ಕಣಣ್ಣ. ಗ್ಯಾಂಗಿನ್ ಹುಡುಗ್ರು ದಿನಾ ಒಂದ್ ಗಂಟೆಗ್ ಬರೋರು, ಇವತ್ತು ಹತ್ತೂವರೆಗೇ ಉಂಡ್ಬುಟ್ಟು ಓಡೋದ್ರು. ಬ್ಯಾಗ್ನೆ ಬತ್ತದೆ. ಉಂಡ್ಬುಟ್ಟು ಹೋಗಿ."

ಹಳಿ ಕಾಯುವ ಗ್ಯಾಂಗ್‌ಮನ್‌ಗಳು ಅಲ್ಲಿ ಉಣ್ಣುತ್ತಾರೆ. ಟ್ರಯಲ್ ಇದ್ದ ದಿನ ಅವರನ್ನು ಗೇಟು, ಸೇತುವೆ, ತಿರುವುಗಳಲ್ಲಿ ಮೊದಲೇ ನಿಲ್ಲಿಸುತ್ತಾರೆ. ಎಲ್ಲಿ ರೈಲು ನೋಡಲು ಹೋದರೂ ಗ್ಯಾಂಗಿನವರು ಊಟ ಮಾಡುವ ಹೋಟೆಲು ಯಾವುದು ಎಂದು ಮೊದಲು ಹುಡುಕಿ. ನನ್ನ ಅನುಭವದಲ್ಲಿ ಇದಕ್ಕಿಂತ ನಂಬಿಕೆಯ ಸುದ್ದಿ ಸಿಕ್ಕಿಲ್ಲ.

ಗಬಗಬನೆ ಉಂಡು ಓಡಿದೆವು. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು ಒಳಗೆ ಹೋದರೆ ನಮ್ಮಂಥವರು ಮೂವತ್ತು ಜನ ಇದ್ದಿರಬಹುದು. ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೇ ಮುಖ್ಯ ಹಳಿಯ ಸಿಗ್ನಲ್ ಹಸಿರು ಬಿತ್ತು. ಪೊಲೀಸಿನವರು ಹಳದಿ ಗೆರೆಯಿಂದ ಹಿಂದೆ ಸರಿಸಿದರು. ಎಂಜಿನ್ನಿನ ಗುಡುಗು ಕೇಳಲಿ ಎಂದು ಕಿವಿ ಕೊಟ್ಟು ನಿಂತಿದ್ದೆ. ಗುಡುಗೇ ಬರಲಿಲ್ಲ. ಈ ಗಾಡಿಗೆ ಬೇರೆ ಎಂಜಿನ್ ಇಲ್ಲ, ಹದಿನಾರು ಬೋಗಿಗಳ ಕೆಳಗೇ ಅಲ್ಲಲ್ಲಿ ಮೋಟಾರುಗಳಿವೆ ಎಂದು ಓದಿ ಗೊತ್ತಿತ್ತು. ಆದರೂ ಆ ಮೌನಕ್ಕೆ ಮೈ ಸಿದ್ಧವಾಗಿರಲಿಲ್ಲ. ಒಂದು ಹಾರ್ನ್, ಮೇಲೆ ತಂತಿಯ ಸಣ್ಣ ಝೇಂಕಾರ, ಆಮೇಲೆ ಬಿಳಿ ಮೂತಿ ಎದುರಿಗೇ ಬಂದುಬಿಟ್ಟಿತ್ತು. ನಿಲ್ಲಲಿಲ್ಲ, ಹಾಗಂತ ಮಿಂಚಿನಂತೆಯೂ ಹೋಗಲಿಲ್ಲ. ಮೂತಿಯ ಗಾಜಿನ ಕೆಳಗೆ ಚೆನ್ನೈನಿಂದ ಸುಮಾರು 500 ಕಿಲೋಮೀಟರ್ ಬಂದ ಧೂಳು, ಹುಳುಗಳು ಅಪ್ಪಳಿಸಿದ ಹಳದಿ ಕಲೆ. ಕಿಟಕಿಗಳ ಒಳಗೆ ಸಾಲು ಸಾಲು ಖಾಲಿ ಸೀಟು, ಒಂದು ಬೋಗಿಯಲ್ಲಿ ಮಾತ್ರ ಕಾಗದ ಹಿಡಿದು ನಿಂತ ನಾಲ್ಕೈದು ಜನ. ಅವರಲ್ಲೊಬ್ಬರು ನಮ್ಮ ಹುಡುಗನಿಗೆ ಕೈ ಬೀಸಿದರು. ಅವನು ವೀಡಿಯೋ ಮಾಡುವುದನ್ನು ಮರೆತು ತಾನೂ ಕೈ ಬೀಸಿದ. ಆ ವೀಡಿಯೋದಲ್ಲಿ ಈಗ ಇರುವುದು ಪ್ಲಾಟ್‌ಫಾರಂ ನೆಲ ಮತ್ತು ಅವನ ನಗು.

11ನೇ ತಾರೀಖು ಮೈಸೂರು ಸ್ಟೇಷನ್ನಿಗೂ ಹೋದೆ. ಹೋಗಬಾರದಿತ್ತು. ನನಗೆ ನೂಕುನುಗ್ಗಲು ಆಗುವುದಿಲ್ಲ. ಹಾರ, ಬಾವುಟ, ಮೇಲೆತ್ತಿದ ಮೊಬೈಲುಗಳ ನಡುವೆ ರೈಲಿನ ನೆತ್ತಿ ಒಂದಷ್ಟು ಕಂಡಿತು. ಉದ್ಘಾಟನೆ ಬಿಟ್ಟುಬಿಡಿ, ಟ್ರಯಲ್‌ಗೆ ಹೋಗಿ.

ಟ್ರಯಲ್ ಇಲ್ಲದ ದಿನಗಳಲ್ಲೂ ಚಳಿಗಾಲದಲ್ಲಿ ಈ ಮಾರ್ಗ ನೋಡಲು ಚೆಂದ. 2024ರಿಂದ ಮೈಸೂರು–ಚೆನ್ನೈ ನಡುವೆ ಎರಡನೇ ವಂದೇ ಭಾರತ್ ಕೂಡ ಓಡುತ್ತಿದೆ. ಅದು ಮೈಸೂರು ಬಿಡುವುದು ಬೆಳಗ್ಗೆ ಆರಕ್ಕೆ. ಡಿಸೆಂಬರ್, ಜನವರಿಯಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲು. ಫೋಟೋದಲ್ಲಿ ದೀಪ ಬಿಟ್ಟರೆ ಏನೂ ಬರುವುದಿಲ್ಲ. ಮಧ್ಯಾಹ್ನದ ಗಾಡಿಯನ್ನೇ, ಅಂದರೆ ಮೊದಲನೇ ವಂದೇ ಭಾರತನ್ನೇ, ಕಾಯಿರಿ. ಎರಡೂ ವಾರಕ್ಕೆ ಆರೇ ದಿನ ಓಡುತ್ತವೆ, ಹೊರಡುವ ಮುಂಚೆ ಆ ದಿನ ಗಾಡಿ ಇದೆಯೇ ನೋಡಿಕೊಳ್ಳಿ. ಬಯಲು ಬೇಕೆಂದವರು ಪಾಂಡವಪುರ ದಾಟಿ ಮಂಡ್ಯ ಕಡೆಗೆ ಹೋಗಿ. ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ಬಿಸಿ ಬೆಲ್ಲದ ವಾಸನೆ. ನೆರಳು ಮಾತ್ರ ಇಲ್ಲ.

ಸೇತುವೆಯ ಮೇಲಾಗಲಿ ಹಳಿಯ ಮೇಲಾಗಲಿ ದಯವಿಟ್ಟು ಕಾಲಿಡಬೇಡಿ. ರೈಲ್ವೆ ಕಾಯಿದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡ ಮಾತು, ನಾನು ಮೇಲೆ ಹೇಳಿದ ಮೌನ. ಹಳೇ ಗಾಡಿಗಳ ಸದ್ದಿಗೆ ಪಳಗಿದ ಕಿವಿ ಈ ಗಾಡಿ ಹತ್ತಿರ ಬಂದದ್ದನ್ನು ಹೇಳುವುದಿಲ್ಲ. ಮಕ್ಕಳನ್ನು ಕರೆದೊಯ್ದರೆ ಕೈ ಬಿಡಬೇಡಿ.

ಕಾಯುವ ಹೊತ್ತಿನಲ್ಲಿ ಸ್ಟೇಷನ್ನಿನ ಹತ್ತಿರವೇ ಇರುವ ಟಿಪ್ಪು ಕಾಲದ ಮದ್ದುಗುಂಡಿನ ಮನೆ ನೋಡಿ. ಜೋಡಿ ಹಳಿ ಹಾಕಲು ಅದು ಅಡ್ಡವಾಗಿತ್ತು. ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ದಪ್ಪ ಇಟ್ಟಿಗೆ ಗೋಡೆಯನ್ನು ಮುಟ್ಟಿ ನೋಡಿದಾಗ, ಇಷ್ಟು ಭಾರ ಹೇಗೆ ಕದಲಿತು ಎಂದು ಭಾವ ಸುಮ್ಮನೆ ನಿಂತುಬಿಟ್ಟರು. ಮಕ್ಕಳಿಗೆ ಇನ್ನೂ ಉತ್ಸಾಹವಿದ್ದರೆ ಮೈಸೂರಿಗೆ ಮರಳಿ ರೈಲ್ವೆ ಮ್ಯೂಸಿಯಂಗೆ ಹೋಗಿ, 1979ರಿಂದ ಇದೆ, ಅರಸರ ಮನೆಯ ಬೋಗಿಗಳು ಅಲ್ಲಿವೆ.

ಕಳೆದ ಜನವರಿಯಲ್ಲಿ ಮತ್ತೆ ಹೋಗಿದ್ದೆ. ಮುದ್ದೆ ಊಟ ಅರವತ್ತಾಗಿದೆ. ಅವರೆಕಾಳು ಸಾರು ಮಾಡಿದ್ದರು. "ಹುಡುಗನ್ ಕರ್ಕಂಡ್ ಬರ್ನಿಲ್ವಾ?" ಎಂದು ಆಯಮ್ಮ ಕೇಳಿದರು. ಭಾನುವಾರ ಹೋಟೆಲು ತೆಗೆಯುವುದಿಲ್ಲ, ಬೇರೆ ದಿನ ಎರಡು ಗಂಟೆಯೊಳಗೆ ಹೋಗಿ. ಆಮೇಲೆ ಹೋದರೆ ಮುದ್ದೆ ಮುಗಿದಿರುತ್ತದೆ.