ಬೀಗದ ಕೈ ಗೊಂಚಲು

ದುಬೈಯಲ್ಲಿ ಚರ್ಚ್‌ಗಳಿಗೆ ಜಾಗ ಕಡಿಮೆ. ಒಂದೇ ಆವರಣದೊಳಗೆ ಮಲಯಾಳಿ, ತಮಿಳು, ಫಿಲಿಪಿನೋ ಸಭೆಗಳೆಲ್ಲ ಗಂಟೆ ಲೆಕ್ಕದಲ್ಲಿ ಹಾಲ್ ಹಂಚಿಕೊಳ್ಳುತ್ತವೆ. ನಮ್ಮ ಪುಟ್ಟ ಕನ್ನಡ ಸಭೆಗೆ ನಾನು ಕಾರ್ಯದರ್ಶಿ. ಪ್ರಸಂಗ ಮಾಡುವುದು ನಮ್ಮ ಪಾದ್ರಿ ಅಯ್ಯನವರ ಕೆಲಸ. ಹಾಲ್ ತೆರೆಯುವುದು, ಮೈಕ್ ಜೋಡಿಸುವುದು, ಕರ್ತನ ಭೋಜನದ ಸಣ್ಣ ಲೋಟಗಳನ್ನು ತೊಳೆದು ಒರೆಸಿಡುವುದು, ಊರಿಂದ ಬಂದ ಹುಡುಗರಿಗೆ ರೂಮು ಹುಡುಕುವುದು, ಇದೆಲ್ಲ ನನ್ನ ಪಾಲಿಗೆ. ಇಷ್ಟಪಟ್ಟೇ ಹೊತ್ತುಕೊಂಡಿದ್ದೆ.

2022ರ ಜನವರಿಯಲ್ಲಿ ಇಲ್ಲಿಯ ಸರ್ಕಾರಿ ವಾರದ ರಜೆ ಶುಕ್ರವಾರ-ಶನಿವಾರದಿಂದ ಶನಿವಾರ-ಭಾನುವಾರಕ್ಕೆ ಬದಲಾಯಿತು. ಸಭೆಯಲ್ಲಿ ಕೆಲವರಿಗೆ ಶುಕ್ರವಾರವೇ ಬಿಡುವು, ಕೆಲವರಿಗೆ ಭಾನುವಾರ. ಒಂದಿದ್ದ ಆರಾಧನೆ ಎರಡಾಯಿತು. ಬೀಗದ ಕೈ ಗೊಂಚಲು ಮಾತ್ರ ನನ್ನೊಬ್ಬನ ಜೇಬಿನಲ್ಲೇ ಉಳಿಯಿತು.

ಒಂದು ಶುಕ್ರವಾರ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದೆ, ಇಳಿಯಲು ಆಗಲಿಲ್ಲ. ಎಸಿ ಓಡುತ್ತಿತ್ತು, ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಇಪ್ಪತ್ತು ನಿಮಿಷ ಸ್ಟಿಯರಿಂಗ್ ಹಿಡಿದು ಕೂತಿದ್ದೆ. ಆಮೇಲೆ ಒಳಗೆ ಹೋದರೆ, ಚಿಕ್ಕಂದಿನಿಂದ ಬಾಯಿಪಾಠವಿದ್ದ ಕೀರ್ತನೆಗೆ ದನಿಯೇ ಹೊರಡಲಿಲ್ಲ. ರಾತ್ರಿ ಹೆಂಡತಿ ಕೇಳಿದಳು: "ರೀ, ಬೇರೆಯವರಿಗೋಸ್ಕರ ಅಲ್ಲ, ನಿಮಗೋಸ್ಕರ ನೀವು ಪ್ರಾರ್ಥನೆ ಮಾಡಿ ಎಷ್ಟು ದಿನ ಆಯ್ತು?" ಉತ್ತರ ಹೊಳೆಯಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 'ಬರ್ನ್‌ಔಟ್' ಅನ್ನು, ಅಂದರೆ ದಣಿದು ಬತ್ತಿಹೋಗುವುದನ್ನು, ರೋಗವೆಂದಲ್ಲ, ಉದ್ಯೋಗದ ಒತ್ತಡದಿಂದ ಬರುವ ಸ್ಥಿತಿಯೆಂದು ಹೇಳುತ್ತದೆ. ಸಂಬಳವಿಲ್ಲದ, ರಜೆಯೂ ಇಲ್ಲದ ಸಭೆಯ ಸೇವೆಯಲ್ಲೂ ಅದು ಬರುತ್ತದೆಂದು ನನಗೆ ಈಗ ಗೊತ್ತು. ಬೈಬಲ್‌ನಲ್ಲಿ ಅಮಾಲೇಕ್ಯರ ಯುದ್ಧದಲ್ಲಿ ಮೋಶೆ ಕೈ ಎತ್ತಿದ್ದಷ್ಟು ಹೊತ್ತೂ ಅವನ ಜನರದೇ ಮೇಲುಗೈ; ಸೋತ ಆ ಕೈಗಳನ್ನು ಆರೋನ, ಹೂರ ಇಬ್ಬರೂ ಎತ್ತಿ ಹಿಡಿದಿದ್ದರಲ್ಲ, ಹೊತ್ತು ಮುಳುಗುವ ತನಕ ಅವರಿಬ್ಬರ ತೋಳು ನೋಯಲಿಲ್ಲವೇ? ಆ ಭಾಗವನ್ನು ಎಷ್ಟು ಸಲ ಓದಿದ್ದರೂ ಈ ಪ್ರಶ್ನೆ ನನಗೆ ಎದ್ದಿರಲಿಲ್ಲ. ಮುಂದಿನ ಅಧ್ಯಾಯದಲ್ಲೇ ಮಾವ ಇತ್ರೋವ ಮೋಶೆಗೆ ಕೆಲಸ ಹಂಚಿಕೊಡು ಎನ್ನುತ್ತಾನೆ.

ಅಯ್ಯನವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಬುದ್ಧಿ ಹೇಳಲಿಲ್ಲ, ಚಹಾ ಬಗ್ಗಿಸಿ ಕೊಟ್ಟು "ಮೂರು ತಿಂಗಳು ಬಂದು ಸುಮ್ಮನೆ ಕೂತ್ಕೊಳ್ಳಿ" ಎಂದರು. ಗದಗದ ಕಡೆಯ ಒಬ್ಬ ಹುಡುಗನ ಕೈಗೆ ಗೊಂಚಲು ಕೊಟ್ಟೆ. ಮೊದಲ ವಾರಗಳಲ್ಲಿ ಖಾಲಿ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಾನಿಲ್ಲದೆ ನಡೆಯುವುದಿಲ್ಲ ಎಂಬ ಹೆಮ್ಮೆಯನ್ನು ಬಿಡುವುದು ಲೋಟ ತೊಳೆಯುವುದಕ್ಕಿಂತ ಕಷ್ಟವಾಯಿತು.

ಕಳೆದ ಭಾನುವಾರ ಮೈಕ್ ಕೈಕೊಟ್ಟು ಆರಾಧನೆ ಹತ್ತು ನಿಮಿಷ ತಡವಾಯಿತು. ನಾನು ಎದ್ದು ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದೆ. ಎರಡನೆಯ ಕೀರ್ತನೆಗೆ ದನಿ ಬಂತು.